ಕಾಸರಗೋಡಿಗೆ ಯಾವಾಗ ಬರ್ಬೇಕು ಅಂತ ಕೇಳುವ ಭಾವನಿಗೆ

ಬೆಂಗಳೂರಿನ ಭಾವ ವರ್ಷಕ್ಕೊಮ್ಮೆ ಫೋನ್ ಮಾಡಿ ಕೇಳುವುದು ಒಂದೇ ಪ್ರಶ್ನೆ, ನಿಮ್ಮೂರಲ್ಲಿ ಒಳ್ಳೆ ಫೆಸ್ಟಿವಲ್ ಯಾವಾಗ ಮಾರಾಯಾ, ಡೇಟ್ ಹೇಳು, ಎರಡು ದಿನ ರಜೆ ಹಾಕಿ ಬರ್ತೇನೆ ಅಂತ. ನನಗೆ ಇದಕ್ಕೆ ಉತ್ತರ ಕೊಡ್ಲಿಕ್ಕೆ ಆಗುವುದೇ ಇಲ್ಲ, ಯಾಕಂದ್ರೆ ಇಲ್ಲಿ ಡೇಟ್ ಅಂತ ಇರುವುದು ಗೂಗಲಲ್ಲಿ ಅಲ್ಲ, ಬಸ್ ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ ನೋಟೀಸಲ್ಲಿ ಮತ್ತೆ ಫ್ಯಾಮಿಲಿ ಗ್ರೂಪಿಗೆ ಬಂದು ಬೀಳುವ ಆಮಂತ್ರಣದ ಪಿಡಿಎಫಲ್ಲಿ. ಈ ಸಲ ಸ್ವಲ್ಪ ಉದ್ದಕ್ಕೆ ಬರ್ದು ಲಿಂಕ್ ಕಳಿಸಿ ಬಿಡುವ ಅಂತ ಕೂತಿದ್ದೇನೆ.

ಮೊದಲು ಒಂದು ಲೆಕ್ಕ ಗೊತ್ತಿರ್ಬೇಕು, ಎರಡು ಹತ್ತರ ಲೆಕ್ಕ. ಮಲಯಾಳ ತುಲಾ ತಿಂಗಳ ಹತ್ತನೇ ದಿನ, ಅಂದ್ರೆ ಅಕ್ಟೋಬರ್ 27ರ ಆಸುಪಾಸು, ಪತ್ತಾಮುದಯ. ಆವತ್ತಿಂದ ತೆಯ್ಯಂ ಸೀಸನ್ ಶುರು, ತೆಯ್ಯಂ ಅಂದ್ರೆ ನಮ್ಮ ಕೋಲದ ಹಾಗೆ ವೇಷ ಕಟ್ಟಿ ನಡೆಸುವ ಮಲಯಾಳದ ದೈವಾರಾಧನೆ. ತುಳುವಿನ ಬೇಶ ತಿಂಗಳ ಹತ್ತು ಪತ್ತನಾಜೆ, ಮೇ 24ರ ಹೊತ್ತಿಗೆ ಬರ್ತದೆ, ಆವತ್ತಿಗೆ ನಮ್ಮ ಕಡೆ ಕೋಲ ಮುಗೀತು, ತಿರುಗಾಟದ ಯಕ್ಷಗಾನ ಮೇಳದವ್ರೂ ಗೆಜ್ಜೆ ಬಿಚ್ಚಿ ಮನೆಗೆ ಹೋಗ್ತಾರೆ. (ನಮ್ಮ ಜಿಲ್ಲೆ ಆದದ್ದೂ 1984ರ ಮೇ 24ಕ್ಕೆ, ಅದು ಕಾಕತಾಳೀಯ ಬಿಡಿ.) ಚಂದ್ರಗಿರಿ ಹೊಳೆ ದಾಟಿ ತೆಂಕಕ್ಕೆ ಹೋದ್ರೆ ಇನ್ನೂ ಸ್ವಲ್ಪ ದಿನ ಎಳೀತದೆ, ನೀಲೇಶ್ವರದ ಮನ್ನಂಪುರತ್ ಕಾವು ದೇವಸ್ಥಾನದ ಕಲಶೋತ್ಸವ ಆದ್ಮೇಲೆಯೇ ಅಲ್ಲಿಯ ತೆಯ್ಯಂ ನಿಲ್ಲುವುದು. ಈ ಎರಡು ಹತ್ತರ ನಡುವೆ ಯಾವ ವಾರ ಬಂದ್ರೂ ಇಪ್ಪತ್ತು ಕಿಲೋಮೀಟರ್ ಒಳಗೆ ಎಲ್ಲಾದ್ರೂ ಚೆಂಡೆ ಕೇಳ್ತದೆ.

ಭಾವ ಪ್ರತೀ ಸಲ ಕೇಳುವುದು ಬೇಕಲ ಬೀಚ್ ಫೆಸ್ಟಿವಲ್ಲಿನ ಬಗ್ಗೆ. 2022ರ ಡಿಸೆಂಬರಲ್ಲಿ ಶುರುವಾದದ್ದು, ಕ್ರಿಸ್‌ಮಸ್ ರಜೆಯ ಸಮಯಕ್ಕೆ, ದೊಡ್ಡ ಸ್ಟೇಜು, ಲೈಟು, ಸ್ಟಾಲು, ಗಾಡಿ ನಿಲ್ಲಿಸ್ಲಿಕ್ಕೆ ಜಾಗ ಇಲ್ಲ. ಮಕ್ಕಳಿದ್ರೆ ಹೋಗಿ. ನನ್ನ ಕೇಳಿದ್ರೆ ಅದೇ ಬೇಕಲದ ಕೋಟೆಗೆ, ನಮ್ಮ ಕೆಳದಿಯ ಶಿವಪ್ಪ ನಾಯಕನ ಕೋಟೆಗೆ, ಬೆಳಿಗ್ಗೆ ಬಿಸಿಲೇರುವ ಮೊದಲು ಹೋಗಿ ಬನ್ನಿ, ಸಾಕು.

ನಾನು ಕರ್ಕೊಂಡು ಹೋಗುವುದಾದ್ರೆ ಒತ್ತೆಕೋಲಕ್ಕೆ. ವಿಷ್ಣುಮೂರ್ತಿ ದೈವ ಕೆಂಡದ ರಾಶಿಗೆ ಬೀಳುವುದು, ಮೇಲೇರಿ ಅಂತಾರೆ ಆ ರಾಶಿಗೆ. ಕಥೆ ಗೊತ್ತುಂಟಾ? ನೀಲೇಶ್ವರದ ಪಾಲಂದಾಯಿ ಕಣ್ಣನ್ ಅಂತ ಒಬ್ಬ ಹುಡುಗ, ಯಜಮಾನನ ಸಿಟ್ಟಿಗೆ ಹೆದರಿ ಓಡಿ ಮಂಗಳೂರಿಗೆ ಬಂದು ಜಪ್ಪಿನ ಒಂದು ಮನೆಯಲ್ಲಿ ಹನ್ನೆರಡು ವರ್ಷ ಇದ್ದು ಅಲ್ಲಿ ವಿಷ್ಣುಮೂರ್ತಿಯನ್ನು ನಂಬಿದ, ವಾಪಸ್ ಊರಿಗೆ ಹೊರಟಾಗ ದೈವವೂ ಅವನ ಜೊತೆ ಹೊರಟಿತು. ಅಂದ್ರೆ ಈಗ ನೀವು ತೆಂಕಲ್ಲಿ ಮಲಯಾಳದ ದೈವ ಅಂತ ನೋಡುವುದು ನಮ್ಮ ಕಡೆಯಿಂದಲೇ ನಡ್ಕೊಂಡು ಹೋದದ್ದು. ನನಗೆ ಇದು ಹೇಳ್ಲಿಕ್ಕೆ ತುಂಬ ಖುಷಿ, ಎಲ್ಲರಿಗೂ ಹೇಳ್ತೇನೆ.

ಆದ್ರೆ ಬೆಂಕಿಗಿಂತ ಮೊದಲು ಅಣಿಯರಕ್ಕೆ, ಅಂದ್ರೆ ವೇಷ ಕಟ್ಟುವ ಚೌಕಿಗೆ, ಇಣುಕಿ ನೋಡಿ, ದೂರದಿಂದ, ಫೋನ್ ಕಿಸೆಯಲ್ಲಿಟ್ಟು. ವೇಷ ಕಟ್ಟುವವ್ರು ಚಾಪೆಯಲ್ಲಿ ಅಂಗಾತ ಮಲಗಿರ್ತಾರೆ, ಇನ್ನೊಬ್ಬ ಅವ್ರ ತಲೆಯ ಹತ್ರ ಕೂತು ತೆಂಗಿನ ಗರಿಯ ಕಡ್ಡಿಯಲ್ಲಿ ಕಣ್ಣಿನ ಸುತ್ತ ಗೆರೆ ಎಳೀತಾನೆ, ಕೂದಲೆಳೆಯಷ್ಟು ಸಪೂರ, ಒಂದು ಗೆರೆ ಎಳೆದು ಉಸಿರು ಬಿಟ್ಟು ಮತ್ತೊಂದು. ಮಲಗಿದವ್ರಿಗೆ ಕೆಲವೊಮ್ಮೆ ನಿದ್ದೆಯೇ ಬಂದಿರ್ತದೆ. ಗಂಟೆಗಟ್ಟಲೆ ಹೀಗೇ. ಆಮೇಲೆ ಎದ್ದು ಎಳೆ ತೆಂಗಿನ ಗರಿಯ ಸಿರಿ ಕಟ್ಟಿ, ಕೈಕನ್ನಡಿಯಲ್ಲಿ ಮುಖ ನೋಡಿದ ಕೂಡ್ಲೇ ಆ ಮನುಷ್ಯ ಬೇರೆಯೇ, ಆಗ ಹತ್ರ ನಿಲ್ಲಲಿಕ್ಕೆ ನನಗಂತೂ ಧೈರ್ಯ ಸಾಲುವುದಿಲ್ಲ.

ನಾನು ಮೊದಲ ಸಲ ಹೋದಾಗ ಆದದ್ದು ಹೇಳ್ತೇನೆ. ರಾತ್ರಿ ಇಡೀ ಕಣ್ಣುಬಿಟ್ಟು ಕಾದೆ, ಮೂರು ಚಾಯ ಕುಡ್ದೆ, ಬೆಳಗಿನ ಜಾವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಎರಡು ನಿಮಿಷ ಅಂತ ಕಣ್ಣು ಮುಚ್ಚಿದ್ದು, ಎಚ್ಚರ ಆಗುವಾಗ ಜನ ಎಲ್ಲ ವಾಪಸ್ ಬರ್ತಾ ಇದ್ರು, ಕೆಂಡದ ರಾಶಿ ಚದುರಿ ಹೋಗಿತ್ತು. ಮಡಿಲಲ್ಲಿ ವೀಡಿಯೋ ಆನ್ ಮಾಡಿ ಇಟ್ಟಿದ್ದೆ, ಅದರಲ್ಲಿ ನಲ್ವತ್ತು ನಿಮಿಷ ನನ್ನ ಮೊಣಕಾಲು. ಹಾಗಾಗಿ ಮಧ್ಯಾಹ್ನ ಮಲಗಿ ಬನ್ನಿ, ಅಷ್ಟೇ ನನ್ನ ಟಿಪ್.

ಹೊಳೆಯ ಈಚೆ ಬೇರೆ ನಮೂನೆ. ಜನವರಿಯ ಸಂಕ್ರಮಣಕ್ಕೆ ಕುಂಬಳೆ ಕಣಿಪುರ ದೇವಸ್ಥಾನದ ಆಯನ, ಅಂದ್ರೆ ವರ್ಷದ ಜಾತ್ರೆ, ಬೆಡಿ (ಪಟಾಕಿ) ನೋಡ್ಲಿಕ್ಕೆ ಊರಿಗೆ ಊರೇ ಸೇರ್ತದೆ. ತೆಂಕುತಿಟ್ಟಿನವ್ರು, ಅಂದ್ರೆ ತೆಂಕಣ ಶೈಲಿಯವ್ರು, ಯಕ್ಷಗಾನದ ಪಿತಾಮಹ ಅಂತ ಹೇಳುವ ಪಾರ್ತಿಸುಬ್ಬನ ಊರು ಅದು. ಷಷ್ಠಿಗೆ ಮಂಜೇಶ್ವರ ಅನಂತೇಶ್ವರ ದೇವಸ್ಥಾನದ ಜಾತ್ರೆ. ಅಲ್ಲೇ ಹತ್ರ ಉದ್ಯಾವರ ಮಾಡ ಅನ್ನುವ ದೈವಸ್ಥಾನದಲ್ಲಿ ಜಾತ್ರೆಗೆ ಮೊದಲು ಅರಸು ದೈವಗಳ ಪಾತ್ರಿಗಳು, ಮೈಮೇಲೆ ದೈವ ಬರುವವ್ರು, ಮಸೀದಿಗೆ ಹೋಗಿ ಆಮಂತ್ರಣ ಕೊಟ್ಟು ಬರುವ ಕ್ರಮ ಉಂಟು, ಕುಂಬಳೆಯ ಆರಿಕ್ಕಾಡಿಯಲ್ಲಿ ಆಲಿ ಭೂತ ಅಂತ ಮುಸ್ಲಿಂ ದೈವ ಉಂಟು. ಪೇಪರಿನವ್ರು ಪ್ರತೀ ವರ್ಷ ಸೌಹಾರ್ದ ಅಂತ ಹೆಡ್ಡಿಂಗ್ ಹಾಕ್ತಾರೆ, ಊರಿನವ್ರಿಗೆ ಅದು ಅಜ್ಜನ ಕಾಲದಿಂದ ನಡೆದು ಬಂದದ್ದು, ಅಷ್ಟೇ.

ಮತ್ತೆ ಯಾರೂ ಲೆಕ್ಕಕ್ಕೇ ಹಿಡಿಯದ್ದು ಶಾಲೆ ಮಕ್ಕಳ ಕಲೋತ್ಸವ. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಐಟಂ. 2019ರಲ್ಲಿ ರಾಜ್ಯ ಮಟ್ಟದ್ದು ಕಾಞಂಗಾಡಿಗೆ, ನಮ್ಮ ಹೊಸದುರ್ಗಕ್ಕೆ ಬಂದಿತ್ತು, ಅದಕ್ಕೆ ಮೊದಲು ಜಿಲ್ಲೆಗೆ ಬಂದದ್ದು 1991ರಲ್ಲಿ. ಆದ್ರೆ ಮಜಾ ಇರುವುದು ಕುಂಬಳೆ, ಮಂಜೇಶ್ವರ ಉಪಜಿಲ್ಲೆಯದ್ದರಲ್ಲಿ. ಕಿರೀಟ ಜಾರ್ತಾ ಇರುವ ಎಂಟನೇ ಕ್ಲಾಸಿನ ಹುಡುಗಿ ಒಂದು ಕೈಯಲ್ಲಿ ಅದನ್ನು ಹಿಡ್ಕೊಂಡು ಮತ್ತೊಂದರಲ್ಲಿ ಬಿಲ್ಲು ಹಿಡ್ಕೊಂಡು ಅರ್ಥ (ಮಾತು) ಹೇಳುವುದು, ಬದಿಯಲ್ಲಿ ಅಮ್ಮ ಸೇಫ್ಟಿ ಪಿನ್ ಹಿಡ್ದು ಬೆವರುವುದು. ಆ ಮಕ್ಕಳು ಹೊರಗೆ ಬಂದು ತಮ್ಮತಮ್ಮೊಳಗೆ ಮಾತಾಡುವುದು ಮಲಯಾಳದಲ್ಲಿ, ಸ್ಟೇಜಲ್ಲಿ ಮಾತ್ರ ಒಂದು ಅಕ್ಷರ ತಪ್ಪದ ಕನ್ನಡ. ಇದಕ್ಕೆ ಖುಷಿ ಪಡ್ಬೇಕೋ ಬೇಸರ ಮಾಡ್ಬೇಕೋ ನನಗೆ ಇನ್ನೂ ತೀರ್ಮಾನ ಆಗ್ಲಿಲ್ಲ.

ಇಷ್ಟು ಬರೆಯುವಾಗ ಭಾವನ ಮೆಸೇಜ್ ಬಂತು, ಟಿಕೆಟ್ ಆಯ್ತು, ಜುಲೈ ಕೊನೆಗೆ ಬರ್ತೇನೆ ಅಂತ. ಜುಲೈ! ಎರಡೂ ಹತ್ತರ ಹೊರಗೆ, ಧಾರಾಕಾರ ಮಳೆಗೆ. ಇರ್ಲಿ, ಆಗ ಎಡನೀರು ಮಠದಲ್ಲಿ ಚಾತುರ್ಮಾಸ್ಯ. ಹೊರಗಿನವ್ರಿಗೆ ಎಡನೀರು ಅಂದ್ರೆ 1973ರ ಕೇಶವಾನಂದ ಭಾರತಿ ಕೇಸು, ಸಂವಿಧಾನ, ಸುಪ್ರೀಂ ಕೋರ್ಟು. ನಮಗೆ ಮಠದ ಆ ಕೇಶವಾನಂದ ಸ್ವಾಮಿಗಳು ಅಂದ್ರೆ ಕಾವಿಯಲ್ಲೇ ಕೂತು ಭಾಗವತಿಕೆ, ಅಂದ್ರೆ ಯಕ್ಷಗಾನದ ಹಾಡುಗಾರಿಕೆ, ಮಾಡ್ತಾ ಇದ್ದವ್ರು. ಅವ್ರು 2020ರಲ್ಲಿ ತೀರಿಹೋದ್ರು, ಚಾತುರ್ಮಾಸ್ಯದ ಸಂಜೆಗಳು ನಿಲ್ಲಲಿಲ್ಲ, ತಾಳಮದ್ದಳೆ (ವೇಷ ಇಲ್ಲದೆ ಕೂತು ಆಡುವ ಯಕ್ಷಗಾನ), ಹರಿಕಥೆ, ಸಂಗೀತ ಕಚೇರಿ, ಊಟವೂ ಅಲ್ಲೇ. ಮಳೆ ಜೋರಾದ್ರೆ ತಾಳಮದ್ದಳೆಯಲ್ಲಿ ಪಾತ್ರದ ಮಾತು ಆಡುವ ಅರ್ಥಧಾರಿಯನ್ನು ಕೇಳ್ಲಿಕ್ಕೆ ಮುಂದೆ ಮುಂದೆ ಜರುಗಿ ಕೂರ್ಬೇಕಾಗ್ತದೆ.

ಭಾವಾ, ಚೆರ್ಕಳದಲ್ಲಿ ಇಳಿದು ಫೋನ್ ಮಾಡು, ಬೈಕಲ್ಲಿ ಬರ್ತೇನೆ. ಕೊಡೆ ತಾ, ಕಳೆದ ಸಲ ಕೊಂಡುಹೋದ ನನ್ನ ಕೊಡೆಯನ್ನೂ ತಾ.