ಟ್ಯೂಬಿಗೆ ಅಂಟಿದ ಉಪ್ಪು

ಮಂಡ್ಯ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾನು ಬಾಯ್ಲರ್ ನೋಡಿಕೊಳ್ಳುತ್ತಿದ್ದೆ. ಆ ವರ್ಷ ಉರಿಸಲು ಬಗಾಸು, ಅಂದರೆ ಕಬ್ಬು ಹಿಂಡಿ ಉಳಿದ ಸಿಪ್ಪೆ, ಸಾಲಲಿಲ್ಲ. ಗದ್ದೆಯಿಂದ ಕಬ್ಬಿನ ತರಗು ತರಿಸಿ, ಬೆರೆಸಿ ಉರಿಸಿದೆವು. ಮೂರನೇ ವಾರಕ್ಕೆ ಫ್ಯಾನ್ ಎಷ್ಟು ಎಳೆದರೂ ಹೊಗೆ ಸಾಗದಂತಾಯಿತು. ಬೆಂಕಿ ಆರಿಸಿ, ಎರಡು ದಿನ ತಣಿಯಲು ಬಿಟ್ಟು, ಮ್ಯಾನ್‌ಹೋಲಿನಿಂದ ಒಳಗೆ ನುಸುಳಿದೆ.

ಹಬೆಯನ್ನು ಇನ್ನಷ್ಟು ಕಾಯಿಸುವ ಸೂಪರ್‌ಹೀಟರ್ ಟ್ಯೂಬುಗಳ ನಡುವೆ ಕೈ ತೂರಲೂ ಜಾಗವಿಲ್ಲ. ಮೇಲೆ ಬೂದು ಪುಡಿ, ಅದರಡಿ ಗಟ್ಟಿ ಹೆಪ್ಪು, ಟ್ಯೂಬಿಗೆ ತಾಗಿದ ಕಡೆ ತೆಳ್ಳನೆ ಬಿಳಿ ಪದರ. ಉಳಿ ಇಟ್ಟು ಹೊಡೆದೆ. ಚಕ್ಕೆಯ ಬೆನ್ನಿಗೆ ಅಂಟಿಕೊಂಡು ಕಂದು ತುಕ್ಕೂ ಎದ್ದು ಬಂತು. ಟ್ಯೂಬಿನ ಕಬ್ಬಿಣವೇ ಅದು. ಹೊಟ್ಟೆ ಚುರ್ ಅಂದಿತು.

ಬಿಳಿ ಪುಡಿಯನ್ನು ಕೆರೆದು ಲೋಟದ ನೀರಿಗೆ ಹಾಕಿದೆ. ಕರಗಿಯೇ ಹೋಯಿತು. ಹೆಚ್ಚಿನದು ಪೊಟ್ಯಾಸಿಯಂ ಕ್ಲೋರೈಡ್. ಸುಮಾರು 770 ಡಿಗ್ರಿಗೆ ಕರಗುವ ಉಪ್ಪು ಇದು. ಉರಿಯಲ್ಲಿ ಆವಿಯಾಗಿ ಹೊಗೆಯ ಜೊತೆ ಏರುತ್ತದೆ, ತನಗಿಂತ ತಣ್ಣಗಿರುವ ಟ್ಯೂಬಿನ ಮೇಲೆ ಕೂರುತ್ತದೆ. ಆಮೇಲೆ ಹಾರಿ ಬಂದ ಬೂದಿಯೆಲ್ಲ ಅದಕ್ಕೇ ಮೆತ್ತಿಕೊಳ್ಳುತ್ತದೆ. ಅದರಲ್ಲಿರುವ ಕ್ಲೋರಿನ್ ಕಬ್ಬಿಣವನ್ನು ತಿನ್ನುತ್ತದೆ. ಕೆಳಗೆ ಗ್ರೇಟಿನ, ಅಂದರೆ ಬೆಂಕಿ ಉರಿಯುವ ಜಾಲರಿಯ, ಮೇಲೂ ಇದೇ ಪೊಟ್ಯಾಸಿಯಂ ಕಾಟ. ತರಗಿನ ಜೊತೆ ಬಂದ ಮರಳು ಕರಗಲು ಸುಮಾರು 1,700 ಡಿಗ್ರಿ ಬೇಕು. ಪೊಟ್ಯಾಸಿಯಂ ಸೇರಿದರೆ 800ರ ಒಳಗೇ ಕರಗಲು ಶುರುವಾಗಿ ಕ್ಲಿಂಕರ್, ಅಂದರೆ ಬೂದಿಯ ಗಟ್ಟಿ ಹೆಂಟೆ, ಕಟ್ಟುತ್ತದೆ.

ಬಗಾಸಿನಲ್ಲಿ ಯಾಕೆ ಇಷ್ಟು ತೊಂದರೆ ಇರಲಿಲ್ಲ? ಗಾಣದಲ್ಲಿ ಬಿಸಿನೀರು ಸುರಿದು ಹಿಂಡುತ್ತೇವಲ್ವಾ, ಪೊಟ್ಯಾಸಿಯಂ ಜಾಸ್ತಿ ಪಾಲು ಕಬ್ಬಿನ ಹಾಲಿನ ಜೊತೆ ಹೊರಟುಹೋಗುತ್ತದೆ. ಕೊನೆಗೆ ಕಾಕಂಬಿ ಸೇರುತ್ತದೆ. ತರಗು ಮಾತ್ರ ಎಲ್ಲವನ್ನೂ ಹೊತ್ತುಕೊಂಡೇ ಬರುತ್ತದೆ.

ನಾವೆಲ್ಲ ಅಣ್ಣ ಅಂತ ಕರೆಯುತ್ತಿದ್ದ ಹಿರಿಯ ಫೈರ್‌ಮನ್ ಚಕ್ಕೆಯನ್ನು ತಿರುಗಿಸಿ ನೋಡಿ ಹೇಳಿದರು: "ಸಾರ್, ಮಳೇಲಿ ನೆಂದು ಒಣಗಿದ ತರಗು ಹಾಕಿದಾಗ ಹಿಂಗೆ ಕಚ್ಕೊಳಲ್ಲ. ನಾನು ನೋಡಿದೀನಿ."

ಇಷ್ಟು ದಿನ ಅವರನ್ನು ಯಾಕೆ ಕೇಳಲಿಲ್ಲ ಅನ್ನಿಸಿತು. ಗಿಡದೊಳಗಿನ ಪೊಟ್ಯಾಸಿಯಂ ಬಹುಪಾಲು ನೀರಿಗೆ ಬಿಡುವಂಥದ್ದೇ. ಮಳೆ ಅದನ್ನು ತೊಳೆದಿರುತ್ತದೆ.

ಅವತ್ತೇ ರಾತ್ರಿ ಒಂದು ಬಕೆಟ್ ತರಗನ್ನು ನೆನೆಹಾಕಿದೆವು. ಬೆಳಿಗ್ಗೆ ನೀರು ಚಹಾ ಬಣ್ಣಕ್ಕೆ ತಿರುಗಿತ್ತು. ತೊಳೆದದ್ದನ್ನು ಬಿಸಿಲಿಗೆ ಹರವಿ ಒಣಗಿಸಿ, ತೊಳೆಯದ್ದನ್ನೂ ಪಕ್ಕದಲ್ಲಿಟ್ಟು ಲ್ಯಾಬಿನ ಕುಲುಮೆಯಲ್ಲಿ ಸುಟ್ಟೆವು. ಒಂದರ ಬೂದಿ ಊದಿದರೆ ಹಾರಿತು. ಇನ್ನೊಂದು ಬಟ್ಟಲಿಗೆ ಅಂಟಿಕೊಂಡು ಕೂತಿತ್ತು.

ಮುಂದಿನ ಹಂಗಾಮಿಗೆ ಮಳೆ ಕಂಡ ತರಗನ್ನಷ್ಟೇ ಕೊಳ್ಳೋಣ ಅಂತ ಬರೆದು ಕೊಟ್ಟೆ. ಬಕೆಟ್ಟಿನ ನೀರನ್ನು ಚರಂಡಿಗೆ ಚೆಲ್ಲಲು ಹೊರಟಿದ್ದೆ, ಅಣ್ಣ ಬಿಡಲಿಲ್ಲ. ಗೇಟಿನ ಪಕ್ಕದ ಬಾಳೆ ಬುಡಕ್ಕೆ ಸುರಿದು ಬಂದರು.