ಮೆಗ್ನೀಸಿಯಂ ಎಳೆಯುವ ಮುನ್ನ: ಗ್ರೈನ್ ಸಣ್ಣದಾದರೆ ಸಾಲದು

ಎಜೆಡ್31 ಎಂಬ ಮೆಗ್ನೀಸಿಯಂ ಮಿಶ್ರಲೋಹದ ತಗಡನ್ನು ತಣ್ಣಗಿರುವಾಗ ಚೂಪಾಗಿ ಮಡಚಿದರೆ ಲಟಕ್ಕನೆ ಸೀಳುತ್ತದೆ. ಮೆಗ್ನೀಸಿಯಂನದು ಷಟ್ಕೋನ ಹರಳು. ತಣ್ಣಗಿದ್ದಾಗ ಅದು ಸಲೀಸಾಗಿ ಜಾರುವುದು ತಳದ ಪದರದ ಗುಂಟ ಮಾತ್ರ. ಅದೇ ಲೋಹದ ಗ್ರೈನುಗಳನ್ನು (ಲೋಹದೊಳಗಿನ ಪುಟ್ಟ ಹರಳುಗಳನ್ನು) ಒಂದೆರಡು ಮೈಕ್ರಾನಿಗೆ ಇಳಿಸಿ, 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಧಾನವಾಗಿ ಎಳೆದರೆ ಬೆಲ್ಲದ ಪಾಕದ ಹಾಗೆ ಎಳೆಎಳೆಯಾಗಿ ಬರುತ್ತದೆ. ಆಗ ಗ್ರೈನುಗಳು ಹಿಗ್ಗುವುದು ಕಡಿಮೆ, ಒಂದರ ಪಕ್ಕ ಒಂದು ಸರಿದು ಜಾಗ ಬದಲಿಸುವುದೇ ಹೆಚ್ಚು. ಉದ್ದ 400% ಹೆಚ್ಚಿದರೆ ಸೂಪರ್‌ಪ್ಲಾಸ್ಟಿಕ್ ಎನ್ನುವುದು ವಾಡಿಕೆ.

ಗ್ರೈನ್ ಇಳಿಸಲು ಹೆಚ್ಚು ಬಳಕೆಯಲ್ಲಿರುವುದು ಇಸಿಎಪಿ, ಅಂದರೆ ತಿರುವಿರುವ ಸಮಅಳತೆಯ ಕೊಳವೆಯೊಳಗೆ ಲೋಹವನ್ನು ಒತ್ತುವ ವಿಧಾನ. ಸುಮಾರು 10 ಮಿ.ಮೀ. ವ್ಯಾಸ, 60 ಮಿ.ಮೀ. ಉದ್ದದ ಬಿಲ್ಲೆಟ್‌ಗೆ (ಲೋಹದ ದಿಂಡಿಗೆ) ಜಾರಲೆಂದು ಮಾಲಿಬ್ಡಿನಂ ಡೈಸಲ್ಫೈಡ್ ಬಳಿದು, 90 ಡಿಗ್ರಿ ತಿರುವಿರುವ ಬಿಸಿ ಡೈ (ಅಚ್ಚು) ಒಳಗೆ ಒತ್ತುತ್ತಾರೆ. ಅಡ್ಡಕೊಯ್ತದ ಅಳತೆ ಬದಲಾಗದ ಕಾರಣ ಮತ್ತೆ ಮತ್ತೆ ಒತ್ತಬಹುದು. ಪ್ರತಿ ಪಾಸ್‌ಗೆ, ಅಂದರೆ ಒಂದು ಸಲ ಒತ್ತಿದರೆ, ಸ್ಟ್ರೇನ್ (ಲೋಹದ ಆಕಾರ ಬದಲಾಗುವ ಪ್ರಮಾಣ) ಸುಮಾರು 1. ಪಾಸ್‌ಗಳ ನಡುವೆ ಬಿಲ್ಲೆಟ್ಟನ್ನು ಒಂದೇ ದಿಕ್ಕಿಗೆ 90 ಡಿಗ್ರಿ ತಿರುಗಿಸುವುದಕ್ಕೆ ‘Bc’ ಮಾರ್ಗ ಎನ್ನುತ್ತಾರೆ.

ಇಲ್ಲಿ ಅಲ್ಯೂಮಿನಿಯಂ ಅನುಭವವನ್ನು ನಂಬಿದರೆ ಕೆಟ್ಟಿರಿ. ಅಲ್ಯೂಮಿನಿಯಂನಲ್ಲಿ ಗ್ರೈನ್ ಒಳಗಿನಿಂದಲೇ ಒಡೆಯುತ್ತ ಹೋಗುತ್ತದೆ. ಮೆಗ್ನೀಸಿಯಂನಲ್ಲಿ ಹೊಸ ಗ್ರೈನುಗಳು ಹಳೆಯ ಗ್ರೈನಿನ ಅಂಚಿನಲ್ಲಿ ಮಣಿಸರದಂತೆ ಹುಟ್ಟುತ್ತವೆ. ಮೂಲ ಗ್ರೈನ್ ದಪ್ಪವಿದ್ದರೆ ಸರ ನಡುವಿನವರೆಗೆ ತಲುಪುವುದೇ ಇಲ್ಲ. ದೊಡ್ಡದೂ ಚಿಕ್ಕದೂ ಬೆರೆತ ರಚನೆ ಉಳಿಯುತ್ತದೆ. ಆದ್ದರಿಂದ ಎರಕದ ಬಿಲ್ಲೆಟ್ಟನ್ನು ನೇರ ಡೈಗೆ ಹಾಕದೆ ಮೊದಲು ಎಕ್ಸ್‌ಟ್ರೂಡ್ ಮಾಡಿ (ಕಿರಿದಾದ ಬಾಯಿಯಿಂದ ಒತ್ತಿ ತೆಗೆಯಿರಿ). ಸಂಶೋಧಕರಾದ ಹೊರಿತಾ–ಲ್ಯಾಂಗ್ಡನ್ ಅವರ ತಂಡ 9% ಅಲ್ಯೂಮಿನಿಯಂ ಇರುವ ಮೆಗ್ನೀಸಿಯಂನಲ್ಲಿ ಹೀಗೆಯೇ 0.7 ಮೈಕ್ರಾನಿಗೆ ಇಳಿಯಿತು.

ಬಿಲ್ಲೆಟ್ಟಿನ ಮೇಲ್ಮೈಯಲ್ಲಿ ಗರಗಸದ ಹಲ್ಲಿನಂತೆ ಸಾಲು ಬಿರುಕು ಬಂದರೆ ತಕ್ಷಣ ಡೈ ಬಿಸಿ ಏರಿಸುವುದು ಎಲ್ಲರ ಮೊದಲ ಯೋಚನೆ. ಬಿರುಕು ನಿಲ್ಲುತ್ತದೆ ನಿಜ, ಗ್ರೈನೂ ಬೆಳೆದುಬಿಡುತ್ತದೆ. ಮೊದಲು ಒತ್ತುವ ವೇಗ ತಗ್ಗಿಸಿ. ಆಮೇಲೆ 110 ಅಥವಾ 135 ಡಿಗ್ರಿ ಡೈ, ಇಲ್ಲವೇ ಹಿಂಬದಿಯಿಂದ ಎದುರೊತ್ತಡ. ಮೊದಲ ಪಾಸ್ ದಾಟಿದರೆ ಮುಂದಿನವು ಸಲೀಸು, ಬಿಸಿಯನ್ನೂ ಹಂತಹಂತವಾಗಿ ಇಳಿಸಬಹುದು.

ಈ ವಿಷಯದಲ್ಲಿ ಎಲ್ಲರೂ ಹೇಳುವ ಅಂಕಿ 3050% ಹಿಗ್ಗುವಿಕೆ. ಫಿಗೆರೆಡೊ ಮತ್ತು ಲ್ಯಾಂಗ್ಡನ್ 2008ರಲ್ಲಿ ಎಕ್ಸ್‌ಟ್ರೂಡ್ ಮಾಡಿದ ಝಡ್‌ಕೆ60ಕ್ಕೆ (ಸತು, ಜಿರ್ಕೋನಿಯಂ ಬೆರೆತ ಮೆಗ್ನೀಸಿಯಂ) ಬರೀ ಎರಡು ಪಾಸ್ ಕೊಟ್ಟು, 200 ಡಿಗ್ರಿಯಲ್ಲಿ, ಸೆಕೆಂಡಿಗೆ 0.0001 ಆರಂಭಿಕ ಸ್ಟ್ರೇನ್ ದರದಲ್ಲಿ ಪಡೆದದ್ದು. ಪಾಸ್ ಹೆಚ್ಚಿಸಿದಷ್ಟೂ ಒಳ್ಳೆಯದು ಎನ್ನುವವರು ಗಮನಿಸಬೇಕು. ಇನ್ನೊಂದು ಲೆಕ್ಕ: ಎಳೆಯುವ ಯಂತ್ರದ ಚಲಿಸುವ ಭಾಗ (ಕ್ರಾಸ್‌ಹೆಡ್) ಒಂದೇ ವೇಗದಲ್ಲಿ ಓಡಿದರೆ ಅಷ್ಟು ಎಳೆಯಲು 3,05,000 ಸೆಕೆಂಡು, ಅಂದರೆ ಸುಮಾರು 85 ಗಂಟೆ ಬೇಕು. 4 ಮಿ.ಮೀ. ಗೇಜ್ (ಮಾದರಿಯ ನಡುವಿನ, ಎಳೆತಕ್ಕೆ ಹಿಗ್ಗುವ ಸಪೂರ ಭಾಗ) 126 ಮಿ.ಮೀ. ಆಗುತ್ತದೆ, ಫರ್ನೇಸಿನ ಸಮಬಿಸಿ ಭಾಗ ಅದಕ್ಕಿಂತ ಗಿಡ್ಡವಿದ್ದರೆ ಮಾದರಿಯ ಬಿಸಿ ಭಾಗ ಮಾತ್ರ ಹಿಗ್ಗಿ ಅಲ್ಲೇ ತುಂಡಾಗುತ್ತದೆ. ಸ್ಟ್ರೇನ್ ಲೆಕ್ಕ ಹಾಕುವಾಗ ಭುಜದ ಭಾಗವೂ (ಗೇಜಿನ ಎರಡೂ ಬದಿಯ ಅಗಲ ಭಾಗ) ಹರಿದು ಬಂದಿದೆಯೇ ನೋಡಿ. ಗೇಜಿನ ಮೇಲೆ ಮೊದಲೇ ಗುರುತು ಹಾಕಿಟ್ಟರೆ ಮೋಸ ಹೋಗುವುದಿಲ್ಲ.

85 ಗಂಟೆ ಬಿಸಿಯಲ್ಲಿ ಗ್ರೈನ್ ಬೆಳೆಯದಂತೆ ತಡೆಯುವವರು ಯಾರು? 9% ಅಲ್ಯೂಮಿನಿಯಂ ಇರುವ ಎಜೆಡ್91ರಲ್ಲಿ ಮೆಗ್ನೀಸಿಯಂ–ಅಲ್ಯೂಮಿನಿಯಂ ಸಂಯುಕ್ತದ ಕಣಗಳು ಗ್ರೈನಿನ ಅಂಚುಗಳನ್ನು ಹಿಡಿದಿಡುತ್ತವೆ. ಎಜೆಡ್31ರಲ್ಲಿ ಅಲ್ಯೂಮಿನಿಯಂ 3% ಮಾತ್ರ, ಕಾವಲು ತೆಳು, ಗ್ರೈನ್ ಬೇಗ ದಪ್ಪಗಾಗುತ್ತದೆ. ಝಡ್‌ಕೆ60ರ ಜಿರ್ಕೋನಿಯಂ ಎರಕದಲ್ಲೇ ಗ್ರೈನ್ ಸಣ್ಣಗಾಗಿಸುತ್ತದೆ. ಅದನ್ನೇ ಎಜೆಡ್ ಸರಣಿಗೂ ಹಾಕೋಣವೆಂದರೆ ಆಗದು: ಜಿರ್ಕೋನಿಯಂ ಅಲ್ಯೂಮಿನಿಯಂ ಜೊತೆ ಸೇರಿ ಗಟ್ಟಿ ಕಣವಾಗಿ ಮೂಸೆಯ ತಳ ಸೇರುತ್ತದೆ.