ಮೇನ್ ಪ್ಲೇಟ್

ಮಾದಾಪುರದ ಹತ್ರ ಇವತ್ತು ಪಿಕಪ್‌ನ ಹಿಂದಿನ ಮೇನ್ ಪ್ಲೇಟ್, ಅಂದ್ರೆ ಸ್ಪ್ರಿಂಗ್ ಕಟ್ಟಿನ ಮುಖ್ಯ ಉಕ್ಕಿನ ಪಟ್ಟಿ, ಕಟ್ ಆಯ್ತು. ಮತ್ತೆ.
ಹಿಂದೆ ಕಾಫಿ ಮೂಟೆ, ಪಕ್ಕದಲ್ಲಿ ಅಪ್ಪ.

ಗ್ಯಾರೇಜಿನ ಅಣ್ಣ ಮುರಿದ ತುಂಡನ್ನ ಕೈಗಿಟ್ರು. ಮುರಿದ ಜಾಗದಲ್ಲಿ ಅರ್ಧ ತುಕ್ಕು, ಇನ್ನರ್ಧ ಬೆಳ್ಳಗೆ ಹೊಳೀತಿತ್ತು.
"ತುಕ್ಕು ಹಿಡಿದಿರೋದು ಹಳೇ ಬಿರುಕು. ಬೆಳ್ಳಗಿರೋದು ಮಾತ್ರ ಇವತ್ತಿಂದು."

ಅಂದ್ರೆ ಇಷ್ಟು ದಿನ ಅರ್ಧ ಉಕ್ಕಿನ ಮೇಲೆ ಓಡಾಡಿದ್ದೀವಿ. ಆಕ್ಸಲನ್ನ ಜಾಗದಲ್ಲಿ ಹಿಡಿದಿಡೋದೇ ಆ ಪ್ಲೇಟು. ಮಳೆಗಾಲದ ಗುಂಡಿ, ರೋಬಸ್ಟಾ ಕೊಯ್ಲಿನ ಲೋಡು, ಅಮ್ಮನನ್ನ ಮಡಿಕೇರಿ ಆಸ್ಪತ್ರೆಗೆ ಕರ್ಕೊಂಡು ಹೋದ ರಾತ್ರಿ... ಎಲ್ಲ ಅದರ ಮೇಲೇ. ನೆನೆಸಿಕೊಂಡ್ರೆ ಕೈ ತಣ್ಣಗಾಗುತ್ತೆ.

ಹೊಸ ಪ್ಲೇಟ್, ಅದನ್ನ ಆಕ್ಸಲಿಗೆ ಬಿಗಿದಿಡೋ ಹೊಸ ಯು-ಬೋಲ್ಟ್ ಹಾಕಿಸಿದ್ದಾಯ್ತು. ಸ್ವಲ್ಪ ಓಡಿದ ಮೇಲೆ ಇನ್ನೊಮ್ಮೆ ಬಿಗಿ ಮಾಡಿಸ್ಬೇಕು.
ಗಾಡಿ ಸರಿಯಾಗಿದೆ. ನಂಬಿಕೆ ಇನ್ನೂ ಬಂದಿಲ್ಲ.
ನಾಳೆ ಅಪ್ಪನಿಗೆ ಬೇರೆ ಜೀಪು ಹೇಳಿದ್ದೀನಿ.